ತೊಟ್ಟಿಲಿಗೆ ಬಿದ್ದ ಸಕ್ಕರೆ

"ಥೇಟ್ ಅಪ್ಪನ ಮೂಗು," ಎಂದು ದುಪ್ಪಟಿ ಸರಿಸುವ ಮೊದಲೇ ಹೊಗಳಿಬಿಟ್ಟೆ. ಸರಿಸಿದರೆ ತೊಟ್ಟಿಲಲ್ಲಿದ್ದದ್ದು ಹತ್ತಿಯ ಬಿರಡೆ ಹಾಕಿದ ಗಾಜಿನ ಹೂಜಿ.

ಕೊಟ್ಟೂರಿನ ಗೆಳೆಯ ಗುರುಸಂಗಪ್ಪನ ಮನೆಗೆ ಹಡಗಲಿ ಬಸ್ಸಿಳಿದು ಬಂದಿದ್ದೆ. ಅವನ ಮಗ ಅರುಣಕುಮಾರನ ಮದುವೆಯಾಗಿ ವರ್ಷ ಕಳೆದಿತ್ತು. ಗೆಳೆಯನ ಹೆಂಡತಿ ಅನ್ನದಾನಮ್ಮ ತೊಟ್ಟಿಲು ತೂಗುತ್ತಿದ್ದರು. ಉಳಿದದ್ದನ್ನು ನನ್ನ ನಾಲಿಗೆಯೇ ಊಹಿಸಿಕೊಂಡಿತು.

ಅರುಣ: ಮೂಗಲ್ಲ ಕಾಕಾ, ಬಿರಡಿ. ಲ್ಯಾಬಿನಾಗ ಅಲುಗಾಡಿಸೋ ಮಷೀನು ಕೆಟ್ಟೈತಿ. ಒಳಗಿರೋ ಸೂಕ್ಷ್ಮಜೀವಿಗೆ ಗಾಳಿ ಆಡಬೇಕು, ಅದಕ್ಕ ತೊಟ್ಟಿಲು. ಅವ್ವಾ, ನಿನ್ನ ಕೈಯಾಗ ಚಮಚ ಯಾಕ? ಸಕ್ಕರಿ ಡಬ್ಬಿ ಇಲ್ಲಿಗ್ಯಾಕ ಬಂತು?

ಅನ್ನದಾನಮ್ಮ: ತೊಟ್ಟಿಲಿಗೆ ಹಾಕಿದ ಮ್ಯಾಲ ಶಾಸ್ತ್ರ ಬ್ಯಾಡೇನು? ಬಾಯಿ ಸೀ ಮಾಡಿದೆ. ಒಂದು ಚಮಚ.

ಅರುಣ ಕಂಬಕ್ಕೆ ಒರಗಿ ಕುಸಿದ.

ಅರುಣ: ಮುಗೀತು ನನ್ನ ಪಿಎಚ್‌ಡಿ. ಎಷ್ಟು ಬಿಸಿ, ಎಷ್ಟು ಗಾಳಿ ಕೊಟ್ಟರ ಈ ಜೀವಿ ಔಷಧಿ ಜಾಸ್ತಿ ಬಿಡ್ತೈತಿ ಅಂತ ಹುಡುಕಿ ಹುಡುಕಿ ಸತ್ತೀನಿ. ನಾಳಿ ಗೈಡು ನೋಡ್ತಾರ. ಅದು ಹಸಿದಾಗಷ್ಟ ಔಷಧಿ ಬಿಡ್ತೈತಿ. ಸಕ್ಕರಿ ಸಿಕ್ಕರ ಉಂಡು ಮಲಗ್ತೈತಿ.

ನಾನು: ಥೇಟ್ ನನ್ನಂಗ.

ಅನ್ನದಾನಮ್ಮ: ಹಸಿದ ಕೂಸಿನ ಕೈಲಿ ದುಡಿಸ್ತೀಯಲ್ಲೋ. ಇದ್ಯಾವ ಓದಪಾ?

ಅರುಣ: ನಿನ್ನಂಥ ಸಕ್ಕರಿ ಕಾಯಿಲಿಯೋರ ಸಲುವಾಗಿನ ಓದು. ನಮ್ಮ ಎಂಜಲಾಗ ಒಂದು ಕಿಣ್ವ ಐತಿ, ಉಂಡಿದ್ದನ್ನ ಸಕ್ಕರಿ ಮಾಡ್ತೈತಿ. ಈ ಔಷಧಿ ಅದರ ಕೈ ಕಟ್ಟತೈತಿ.

ಕೊನೆಗೆ ಔಷಧಿ ಆಗಿದೆಯೋ ಇಲ್ಲವೋ ತಿಳಿಯಲು ಪರೀಕ್ಷೆಯೊಂದೇ ದಾರಿ ಎಂದು ಎರಡು ಬಟ್ಟಲಲ್ಲಿ ತಿಳಿಗಂಜಿ ತಂದು ನನ್ನ ಮುಂದಿಟ್ಟ.

ಅರುಣ: ಉಗುಳ್ರಿ ಕಾಕಾ.

ಅನ್ನದಾನಮ್ಮ: ಮನಿಗೆ ಬಂದೋರಿಗೆ ಚಾ ಕೊಡೋದು ಬಿಟ್ಟು ಉಗುಳ್ರಿ ಅಂತೀಯ?

ಅರುಣ: ಚಾ ಆಮ್ಯಾಲ. ಮೊದ್ಲು ಎಂಜಲು.

ನಾನು: ಎಷ್ಟು ಬೇಕಪಾ?

ಅರುಣ: ನಾಚ್ಕೋಬ್ಯಾಡ್ರಿ.

ವಿಜ್ಞಾನಕ್ಕೆ ನಾನು ಸಲ್ಲಿಸಿದ ಸೇವೆ ಇದೊಂದೇ. ಅದೂ ಗುರಿ ತಪ್ಪಿ ಅರ್ಧ ನನ್ನ ಪಂಚೆಗೆ ಸಂದಿತು. ಅರುಣ ಒಂದು ಬಟ್ಟಲಿಗೆ ಮಾತ್ರ ಹೂಜಿಯ ನೀರು ಸೇರಿಸಿದ. ತುಸು ಹೊತ್ತು ಬಿಟ್ಟು ಎರಡಕ್ಕೂ ಅಯೋಡಿನ್ ಹನಿಸಿದ. ಬರಿಯ ಎಂಜಲಿನದು ಮಂಕಾಗಿ ಹಳದಿಗೆ ತಿರುಗಿತು. ಹೂಜಿಯ ನೀರು ಬಿದ್ದದ್ದು ಕಡುನೀಲಿ.

ನಾನು: ನೀಲಿ ಅಂದ್ರ ಕೆಟ್ಟಿದ್ದೋ, ಒಳ್ಳೇದೋ?

ಅರುಣ: ನೀಲಿ ಅಂದ್ರ ಗಂಜಿ ಸಕ್ಕರಿ ಆಗದ ಗಂಜಿಯಾಗೇ ಉಳದೈತಿ ಕಾಕಾ. ಔಷಧಿ ಆಗೈತಿ.

ಅವನು ಕುಣಿದ. ನನ್ನ ಎರಡೂ ಕೈ ಹಿಡಿದು ನನ್ನನ್ನೂ ಕುಣಿಸಿದ. ನನ್ನ ಹೆಗಲ ಟವೆಲು ಹಾರಿ ದೇವರ ಗೂಡಿನ ಹತ್ತಿರ ಬಿತ್ತು. ನಡುವೆಯೇ ಗಕ್ಕನೆ ನಿಂತ.

ಅರುಣ: ಹಂಗಾರ ಹೂಜಿಗೆ ಸಕ್ಕರಿ ಬಿದ್ದೇ ಇಲ್ಲ. ಅವ್ವಾ, ಆ ಚಮಚ ಸಕ್ಕರಿ ಯಾರ ಬಾಯಿಗೆ ಹೋತು?

ಅನ್ನದಾನಮ್ಮ ಸೆರಗಿನಿಂದ ತುಟಿ ಒರೆಸಿಕೊಂಡು, ಒಂದು ಕೈಯಲ್ಲಿ ತೊಟ್ಟಿಲು ತೂಗುತ್ತಲೇ ಇನ್ನೊಂದು ಕೈಯಲ್ಲಿ ಅದೇ ಚಮಚ ಚಾಚಿದರು.

ಅನ್ನದಾನಮ್ಮ: ಔಷಧಿ ಆಗೈತಿ ಅಂದೆಲ್ಲ, ಒಂದು ಚಮಚ ಹಾಕು.