ಎಳನೀರು ಬೇಡವೆಂದವನ ಮಗಳ ಮದುವೆ

ಕೊಟ್ಟಿದ್ದನ್ನು ಕುಡಿಯದೆ ಎದ್ದು ಬರಲು ಎಷ್ಟು ಗುಂಡಿಗೆ ಬೇಕೆಂಬುದು ನಮ್ಮ ಗುಬ್ಬಿ ಸೀಮೆಯಲ್ಲಿ ಮಗಳ ಮದುವೆ ಮಾಡಿದವರಿಗೇ ಗೊತ್ತು. ನನ್ನ ಮಗಳ ಮದುವೆ ಗೊತ್ತಾದಾಗ ಇನ್ನೂ ಮೊಬೈಲು ಎಲ್ಲರ ಕೈಗೆ ಬಂದಿರಲಿಲ್ಲ. ಮನೆಮನೆಗೆ ಹೋಗಿ, ಅರಿಸಿನ ಹಚ್ಚಿದ ಲಗ್ನಪತ್ರಿಕೆ ಕೈಗಿಟ್ಟು, ಅವರು ಕೊಟ್ಟಿದ್ದನ್ನು ಕುಡಿದು ಬಂದರಷ್ಟೇ ಕರೆದ ಹಾಗೆ. ಅಂಥ ಹೊತ್ತಿನಲ್ಲೇ ತುಮಕೂರಿನ ಡಾಕ್ಟರು ನನ್ನ ರಿಪೋರ್ಟು ನೋಡಿ, "ಕಿಡ್ನಿ ಸೋತಿದೆ ಮೇಷ್ಟ್ರೇ, ಪೊಟ್ಯಾಸಿಯಂ ಏರಿದೆ. ಎಳನೀರು, ಹಣ್ಣಿನ ಜ್ಯೂಸು ಮುಟ್ಟಬೇಡಿ. ನೀರು, ಕಾಫಿ, ಸಾರು ಎಲ್ಲಾ ಸೇರಿ ದಿನಕ್ಕೆ ಒಂದೇ ಲೀಟರು. ಮುಂದಿನ ಸಲವೂ ಹೀಗೇ ಇದ್ದರೆ ಡಯಾಲಿಸಿಸ್," ಎಂದರು. ಎಳನೀರು ಬೇಡವಂತೆ! ಯಾರಿಗೆ ಹುಷಾರಿಲ್ಲದಿದ್ದರೂ ನಾಲ್ಕು ಎಳನೀರು ಹಿಡಿದುಕೊಂಡು ನೋಡಲು ಹೋಗುವ ಜನ ನಾವು.

ಮೊದಲ ದಿನ ಕುಣಿಗಲ್ ಕಡೆ ಹೊರಟೆ. ಒಂದು ಮನೆಯಲ್ಲಿ ಕಾಫಿ, ಇನ್ನೊಂದರಲ್ಲಿ ಬಾದಾಮಿ ಹಾಲು, ಹುಲಿಯೂರುದುರ್ಗದಲ್ಲಿ ಬೇಡಬೇಡವೆಂದರೂ ನಿಂಬೆ ಶರಬತ್ತು. ಒಂದೊಂದೇ ಗುಟುಕು ಎನ್ನುತ್ತಾ ಹನ್ನೊಂದು ಮನೆ ಮುಗಿಸಿ ಬಂದಾಗ ಕಾಲು ಊದಿ ಚಪ್ಪಲಿ ಬಿಚ್ಚಲಾಗಲಿಲ್ಲ. "ನಿಮ್ಮ ಮರ್ಯಾದೆಯೆಲ್ಲಾ ಕಾಲಿಗಿಳಿದಿದೆ ನೋಡಿ," ಎಂದಳು ಹೆಂಡತಿ. ನನಗೆ ರೇಗಿಹೋಯಿತು. ಇನ್ನು ಯಾರ ಮನೆಯಲ್ಲೂ ತೊಟ್ಟು ಕುಡಿಯುವುದಿಲ್ಲ, ಬರುವವರು ಬರಲಿ, ಬಿಡುವವರು ಬಿಡಲಿ ಎಂದು ಹೇಳಿಯೇಬಿಟ್ಟೆ.

ಮರುದಿನ ಕಡಬದಲ್ಲಿ ಅಕ್ಕನ ಮನೆ. ನನ್ನ ಕಾಯಿಲೆಯ ಸುದ್ದಿ ಕೇಳಿದ್ದ ಭಾವ ಆಗಲೇ ಎಳನೀರು ಕೆತ್ತಿ ಹಿಡಿದು ನಿಂತಿದ್ದರು.

"ಕುಡಿಲಾ, ಕಿಡ್ನಿ ತೊಳ್ದಂಗಾಯ್ತದೆ."

"ಬ್ಯಾಡ ಭಾವ. ಡಾಕ್ಟ್ರು ಬ್ಯಾಡ ಅಂದವ್ರೆ."

"ನಮ್ ಮರದ ನೀರು ವಿಷವೇನ್ಲಾ? ಕುಡೀದೆ ಹೋದ್ರೆ ನಾನು ಮದ್ವೆಗೆ ಬರಾಕಿಲ್ಲ. ನಿಮ್ಮಕ್ಕನ್ನೂ ಕಳ್ಸಾಕಿಲ್ಲ."

ಅಕ್ಕ ನನ್ನ ಮಗಳನ್ನು ಎತ್ತಿ ಆಡಿಸಿದವಳು. ಸೋದರತ್ತೆಯೇ ಇಲ್ಲದೆ ಹುಡುಗಿಯನ್ನು ಹಸೆಗೆ ಕೂರಿಸುವುದು ಹೇಗೆ? ಕೈ ತಾನಾಗಿಯೇ ಎಳನೀರಿನತ್ತ ಚಾಚಿತು. ಹಿಂದಕ್ಕೆಳೆದುಕೊಂಡೆ.

"ಬರ್ದಿದ್ರೆ ಬುಡಿ ಭಾವ. ಮಗಳ ಮದ್ವೇಲಿ ನಾನಾದ್ರೂ ಜೀವಂತ ಇರ್ಬೇಕಲ್ಲ," ಎಂದು ಪತ್ರಿಕೆಯನ್ನು ಜಗಲಿಯ ಮೇಲಿಟ್ಟು ಬಸ್ಸಿಗೆ ನಡೆದೆ. ಹಿಂದೆ ಅಕ್ಕ ಅಳುವುದು ಕೇಳಿಸಿತು. ನನಗೂ ಅಳು ಬಂತು, ಆದರೆ ತಿರುಗಿ ನೋಡಲಿಲ್ಲ. ಉಳಿದ ಊರುಗಳಲ್ಲೂ ತೊಟ್ಟೂ ಕುಡಿಯದೆ, ಎಲ್ಲರ ಮುನಿಸು ಹೊತ್ತು ಬಂದೆ.

ಮದುವೆಯ ಬೆಳಗ್ಗೆ ಛತ್ರದ ಮುಂದೆ ಟೆಂಪೋ ಬಂದು ನಿಂತಿತು. ಅಕ್ಕ ಇಳಿದಳು, ಹಿಂದೆಯೇ ಭಾವ. ನನ್ನನ್ನು ಮಾತಾಡಿಸದೆ ನೆಟ್ಟಗೆ ಅಡುಗೆಮನೆಗೆ ಹೋಗಿ, "ಹೆಣ್ಣಿನಪ್ಪಂಗೆ ಕುಡಿಯಾಕೆ ಏನೂ ಕೊಡ್ಬ್ಯಾಡ್ರಪ್ಪಾ, ಕಿಡ್ನಿ ಸರಿ ಇಲ್ಲ," ಎಂದು ಬೀಗರಿಗೂ ಕೇಳುವಂತೆ ಸಾರಿದರು. ಏನೂ ಎಂದರೆ ಏನೂ ಇಲ್ಲ. ಧಾರೆ ಮುಗಿಯುವ ಹೊತ್ತಿಗೆ ನನ್ನ ಪಾಲಿನ ಲೀಟರಿನಲ್ಲಿ ಒಂದು ಗುಟುಕೂ ಇಳಿದಿರಲಿಲ್ಲ. "ಬರೀ ನೀರು ಕುಡೀಬೋದು ಕಣ್ರೋ," ಎಂದು ಗೋಗರೆದರೆ ಬಡಿಸುವವರು, "ಹಿರೇರು ಬ್ಯಾಡ ಅಂದವ್ರೆ ಸಾರ್," ಎಂದು ಮುಂದಿನ ಎಲೆಗೆ ಹೋದರು.

ಕೊನೆಗೆ ಪಾತ್ರೆ ತೊಳೆಯುವಲ್ಲಿ ನಲ್ಲಿಗೆ ಬೊಗಸೆಯೊಡ್ಡಿ ಕಳ್ಳನ ಹಾಗೆ ಕುಡಿಯುತ್ತಿದ್ದೆ. ಹಿಂದಿನಿಂದ ಒಂದು ಕೈ ಬಂದು ನಲ್ಲಿ ನಿಲ್ಲಿಸಿತು. "ಸಾಕು ಬುಡ್ಲಾ, ನಿಂಗೇನಾದ್ರೂ ಆದ್ರೆ ನಾವ್ ಯಾರ್ ಹತ್ರ ಜಗಳ ಆಡೋದು?" ಎಂದು ಭಾವ ತಮ್ಮ ಟವಲಿನಲ್ಲೇ ನನ್ನ ಗದ್ದದ ನೀರೊರೆಸಿದರು. ಡಾಕ್ಟರು ಒಂದು ಲೀಟರು ಕೊಟ್ಟಿದ್ದಾರೆ, ಅದು ನನ್ನ ಹಕ್ಕು ಎಂದು ಜಗಳ ತೆಗೆಯಬೇಕೆಂದುಕೊಂಡೆ. ಆದರೆ ಊರೂರನ್ನೇ ಎದುರು ಹಾಕಿಕೊಂಡಿದ್ದವನು ಗದ್ದ ಒಡ್ಡಿ ನಿಂತಿದ್ದೆ.