ಡಿಕ್ಕಿಯೊಳಗಿನ ತಜ್ಞ

ಕಾರಿನ ಕಾಯಿಲೆಯನ್ನು ಬರೀ ಕಿವಿಯಿಂದಲೇ ಪತ್ತೆಹಚ್ಚಬಲ್ಲ ಮಹಾನುಭಾವ ಇಡೀ ಡರ್ಬಿಶೈರ್ ಜಿಲ್ಲೆಯಲ್ಲಿ ಒಬ್ಬನೇ, ಅದು ನಾನು! ಹೀಗೆಂದು ಬೆಳಗಿನ ಟೀ ಹೀರುತ್ತ ನನ್ನ ಹೆಂಡತಿ ಮ್ಯೂರಿಯಲ್‌ಗೆ ಘೋಷಿಸಿದೆ. ನಮ್ಮದು ಎರಡೇ ಸೀಟಿನ ಕೆಂಪು ಸ್ಪೋರ್ಟ್ಸ್ ಕಾರು, ನಮ್ಮ ಮದುವೆಗಿಂತ ಹಳೆಯದು. ಅದರ ಹಿಂದಿನ ಆಕ್ಸಲ್ ಈಚೆಗೆ 'ಟಕ್ ಟಕ್' ಎಂದು ಗೊಣಗಲು ಶುರುಮಾಡಿತ್ತು.

"ಗ್ಯಾರೇಜಿಗೆ ಬಿಟ್ಟು ಬಾ, ಹೊರೇಸ್."

"ಗ್ಯಾರೇಜಾ? ನಾನಿರುವಾಗ! ಒಳಗೆ ಗೇರಿನ ಹಲ್ಲು ಸವೆದಿದೆ. ನೀನು ಓಡಿಸು. ನಾನು ಡಿಕ್ಕಿಯಲ್ಲಿ ಮಲಗಿ ಯಾವ ಹಲ್ಲು ಅಂತ ಕೇಳಿ ಹೇಳ್ತೀನಿ."

"ಮೊದಲು ನಿನ್ನ ಹಲ್ಲು ಜೋಪಾನ!"

ಇಸ್ತ್ರಿ ಮಾಡಿದ ಅಂಗಿಯಂತೆ ನನ್ನನ್ನು ನಾನೇ ಮಡಚಿಕೊಂಡು ಡಿಕ್ಕಿ ಸೇರಿದೆ. ಬಾಗಿಲನ್ನು ಕೈಯಿಂದ ಅರೆತೆರೆದು ಹಿಡಿದಿದ್ದೆ. ಕಲ್ಲುಸೇತುವೆಯ ಮೇಲೆ ಕಾರು ಕುಪ್ಪಳಿಸಿತು. ಬಾಗಿಲು ಧಡಾರನೆ ಮುಚ್ಚಿ ಚಿಲಕ ಬಿತ್ತು! ಕಗ್ಗತ್ತಲು. ಡಿಕ್ಕಿಯೊಳಗೆ ನನ್ನ ತಲೆಗೂ ಸ್ಟೆಪ್ನಿಗೂ ಡಿಕ್ಕಿಯ ಮೇಲೆ ಡಿಕ್ಕಿ, ನನ್ನದು ಕೂಗಿನ ಮೇಲೆ ಕೂಗು!

ಆದರೂ ತಜ್ಞನ ಕಿವಿ ಸುಮ್ಮನಿರುತ್ತದೆಯೇ? ಆಲಿಸಿದೆ. ಸವೆದ ಗೇರು ಗುಂಯ್‌ಗುಡಬೇಕು. ಇದು ಕುಟ್ಟುತ್ತಿದೆ. ಅದೂ ಆಕ್ಸಲಿನ ನಡುವಿನಿಂದಲ್ಲ, ಎಡ ಚಕ್ರದಿಂದ! ಆಗ ನೆನಪಾಯಿತು. ಹಿಂದಿನ ಭಾನುವಾರ ತಂತಿಕಡ್ಡಿಗಳನ್ನು ಉಜ್ಜಿ ಹೊಳಪೇರಿಸಲೆಂದು ಅದೇ ಚಕ್ರ ಬಿಚ್ಚಿದ್ದೆ. ಮತ್ತೆ ಹಾಕಿ, ನಡುವಿನ ರೆಕ್ಕೆಯುಳ್ಳ ದೊಡ್ಡ ನಟ್ಟನ್ನು ಕೈಯಲ್ಲಿ ತಿರುಗಿಸಿದ್ದಷ್ಟೇ. ಆ ರೆಕ್ಕೆಗೆ ಸುತ್ತಿಗೆಯಿಂದ ಬಡಿದು ಬಿಗಿಯುವಷ್ಟರಲ್ಲಿ ಅಡುಗೆಮನೆಯಿಂದ ಹುರಿದ ಮಾಂಸದ ಘಮ ಬಂದಿತ್ತು, ಊಟಕ್ಕೆ ಓಡಿದ್ದೆ!

ಮುಂದಿರುವುದು ಕಡಿದಾದ ಇಳಿಜಾರು. ಓಡಿಸುತ್ತಿರುವವಳು ನನ್ನ ಮ್ಯೂರಿಯಲ್! "ನಿಲ್ಸೇ! ಚಕ್ರ ಕಳಚ್ತಾ ಇದೆ!" ಎಂದು ಗಂಟಲು ಹರಿಯುವಂತೆ ಅರಚಿದೆ. ಕೈಗೆ ಸಿಕ್ಕ ತಾಮ್ರದ ಸುತ್ತಿಗೆಯಿಂದ ಬಾಗಿಲು ಬಡಿದೆ.

ಕಾರು ನಿಂತಿತು! ಡಿಕ್ಕಿ ತೆರೆಯಿತು. ಮ್ಯೂರಿಯಲ್ ನಗುತ್ತ ನಿಂತಿದ್ದಳು. ಚಕ್ರ ಕುಡುಕನಂತೆ ವಾಲಿತ್ತು, ನಟ್ಟು ಕೊನೆಯ ಸುತ್ತಿನಲ್ಲಿ ನೇತಾಡುತ್ತಿತ್ತು. ಅದನ್ನು ಕಂಡು ಅವಳ ನಗು ಮಾಯವಾಯಿತು. ಇಬ್ಬರೂ ಬಿಗಿಯಾಗಿ ಅಪ್ಪಿಕೊಂಡೆವು. ಆಮೇಲೆ ಕಾರನ್ನು ಜಾಕ್ ಮೇಲೆ ಎತ್ತಿದೆ. ಅವಳೇ ನನ್ನ ಕೈಯಿಂದ ಸುತ್ತಿಗೆ ಕಸಿದು ನಟ್ಟನ್ನು ಬಿಗಿದಳು.

"ದೇವರು ದೊಡ್ಡವನು! ಸದ್ಯ, ನನ್ನ ಕೂಗು ನಿನಗೆ ಕೇಳಿಸ್ತಲ್ಲ!" ಎಂದೆ.

"ಕೂಗಾ? ಅದು ಸೇತುವೆಯಿಂದಲೇ ಕೇಳ್ತಿತ್ತು. ನೀನು ಕೂಗಿದಾಗೆಲ್ಲ ಗಾಡಿ ನಿಲ್ಸಿದ್ರೆ ನಾವು ಇನ್ನೂ ಮದುವೆಯಾದ ಚರ್ಚಿನ ಬಾಗಿಲಲ್ಲೇ ಇರ್ತಿದ್ವಿ! ನಾನು ನಿಲ್ಸಿದ್ದು ಇವುಗಳಿಗೆ."

ರಸ್ತೆಯ ತುಂಬ ಕುರಿಗಳು! ನಾನು ಟೋಪಿ ತೆಗೆದು ಆ ಪ್ರಾಣದಾತರಿಗೆಲ್ಲ ಭಕ್ತಿಯಿಂದ ತಲೆಬಾಗಿದೆ.

"ನೆಂಟರ ಹತ್ರ ಆಮೇಲೆ ಮಾತಾಡುವಿಯಂತೆ, ಈಗ ಕಾರು ಹತ್ತು," ಎಂದಳು ಮ್ಯೂರಿಯಲ್. "ಈ ಸಲ ನನ್ನ ಪಕ್ಕದಲ್ಲಿ."