ರಾಣಿಯ ಸೀನು

"ಒಂದೇ ವಾರ ಸಾಕು. ಇವಳ ಮೂಗಿನ ಚಾಳಿ ಬಿಡಿಸದಿದ್ರೆ ನಾನು ಹಾಸಿಗೆ ಹೊಲಿಯೋದನ್ನೇ ಬಿಟ್ಟುಬಿಡ್ತೀನಿ!" ಎಂದು ಹಾಸಿಗೆ ಅಂಗಡಿಯ ಯಜಮಾನರು ಹೆಂಡತಿಯೆದುರು ಭೀಷ್ಮಪ್ರತಿಜ್ಞೆ ಮಾಡಿದರು.

ಮಗಳು ಪುಟ್ಟಿ ಕೂತಲ್ಲಿ ಮೂಗು ಸೊಟ್ಟ ಮಾಡುತ್ತಿದ್ದಳು, ಕಣ್ಣು ಪಟಪಟ ಮಿಟುಕಿಸುತ್ತಿದ್ದಳು, ನಡುನಡುವೆ ಗಂಟಲಲ್ಲಿ "ಹ್ಞುಂ" ಎನ್ನುತ್ತಿದ್ದಳು. ಪಾಠದ ಕಡೆ ಗಮನವಿಲ್ಲ ಎಂಬ ದೂರು ಹಳೆಯದೇ. ಈಗ ಶಾಲೆಯ ನಾಟಕದಲ್ಲಿ ರಾಣಿಯ ಪಾತ್ರ ಸಿಕ್ಕಿತ್ತು. ಹೀಗೇ ಮುಖ ಆಡಿಸುತ್ತಿದ್ದರೆ ಪಾತ್ರ ಬೇರೆಯವಳಿಗೆ ಎಂದು ಟೀಚರ್ ಹೇಳಿದ್ದರು. ಅಂದಿನಿಂದ ಪುಟ್ಟಿಗೆ ಊಟವೂ ಸೇರುತ್ತಿರಲಿಲ್ಲ.

"ಡಾಕ್ಟರಿಗೆ ತೋರಿಸಬಾರ್ದಾ?" ಎಂದಳು ಹೆಂಡತಿ.

"ಶಿಸ್ತಿಗೆ ಯಾವ ಮಾತ್ರೆ ಇದೆ? ಮೆತ್ತನೆ ಜಾಗದಲ್ಲಿ ಕೂತ್ರೆ ಮನಸ್ಸು ತಾನಾಗೇ ನಿಲ್ಲುತ್ತೆ."

ಮನೆಯ ಮುಂದಿನ ಕೋಣೆಯೇ ಅಂಗಡಿ. ಹಳೇ ಹಾಸಿಗೆಗಳಿಂದ ಬಿಚ್ಚಿದ ಹತ್ತಿಯ ರಾಶಿಯ ಮೇಲೆ ಪುಟ್ಟಿಯನ್ನು ಕೂರಿಸಿ ಯಜಮಾನರು ಎದುರು ಕೂತರು.

"ನನ್ನನ್ನೇ ನೋಡು. ನಾನು ಹೇಗಿರ್ತೀನೋ ಹಾಗೇ ಇರು."

ಪುಟ್ಟಿ ನೋಡಿದಳು. ಮೂಗು ಸೊಟ್ಟ ಮಾಡಿ ಎಡಗಣ್ಣು ಮಿಟುಕಿಸಿದಳು.

"ಮತ್ತೆ ಶುರುವಾಯ್ತಾ?"

"ನೀನು ಮಾಡಿದ ಹಾಗೇ ಮಾಡ್ದೆ ಅಪ್ಪ."

ಎದುರುತ್ತರ ಬೇರೆ! ವಾರ ಕಳೆಯುತ್ತಾ ಬಂದರೂ ಚಾಳಿ ಇಳಿಯಲಿಲ್ಲ, ಏರಿತು. ಮೆತ್ತೆ ಸಾಲದು ಎಂದು ತೀರ್ಮಾನಿಸಿದ ಯಜಮಾನರು ಸಿಂಹಾಸನಕ್ಕೆಂದೇ ಕೆಂಪು ಮಖಮಲ್ಲಿನ ದಿಂಬು ಹೊಲಿದರು. ಒಳಗೆ ತುಂಬಿದ್ದು ಮಾತ್ರ ಅದೇ ಹಳೇ ಹತ್ತಿ. ರಾಣಿಯೇನು ಬಿಚ್ಚಿ ನೋಡುತ್ತಾಳೆಯೇ? ದಿಂಬನ್ನು ತಲೆಯ ಮೇಲೆ ಹೊತ್ತು ತಾವೇ ತಾಲೀಮಿಗೆ ಹೋದರು.

ರಾಣಿ ಗತ್ತಿನಿಂದ ಬಂದು ಕುಕ್ಕರಿಸಿದಳು. ದಿಂಬಿನಿಂದ ಧೂಳು ಬುಸ್ಸೆಂದು ಎದ್ದಿತು. ಮೊದಲ ಸೀನಿಗೆ ರಟ್ಟಿನ ಕಿರೀಟ ಹಾರಿ ಮಂತ್ರಿಯ ಮಡಿಲಿಗೆ ಬಿತ್ತು, ಮಂತ್ರಿಯೂ ಸೀನಿದ. ಪಕ್ಕದಲ್ಲಿ ಅರಮನೆ ಬರೆದ ಪರದೆ ಹಿಡಿದು ನಿಂತಿದ್ದ ಯಜಮಾನರು ಸೀನಿದ ರಭಸಕ್ಕೆ ಅರಮನೆಯೇ ಕಳಚಿಕೊಂಡು ಟೀಚರ ಮೇಲೆ ಕುಸಿಯಿತು.

"ನಾನು ಬೇಕಂತ ಮಾಡಲ್ಲ ಅಪ್ಪ. ತಡೆಯೋಕೇ ಆಗಲ್ಲ" ಎಂದು ಪುಟ್ಟಿ ಬಿಕ್ಕಿದಳು. ಯಜಮಾನರು ಅವಳ ಕಣ್ಣು ಒರೆಸಿದರು. ಹಾಗೇ ಎತ್ತಿಕೊಂಡು ಡಾಕ್ಟರ ಬಳಿ ಓಡಿದರು. ಸುದ್ದಿ ತಿಳಿದು ಹೆಂಡತಿಯೂ ಬಂದಳು.

ಡಾಕ್ಟರಮ್ಮ ಮೂಗಿನೊಳಗೆ ಬೆಳಕು ಬಿಟ್ಟು ನೋಡಿದರು. "ಅಲರ್ಜಿ. ಮೂಗು ಕಟ್ಟಿ ನಿದ್ದೆ ಕೆಟ್ರೆ ಪಾಠದಲ್ಲಿ ಗಮನ ಎಲ್ಲಿಂದ ಬರುತ್ತೆ? ಈ ಕಣ್ಣು ಮಿಟುಕಿಸೋದು, ಗಂಟಲಿನ ಸದ್ದು ಅಲರ್ಜಿ ಇರೋ ಕೆಲವು ಮಕ್ಕಳಲ್ಲಿ ಜೊತೆಗೇ ಕಾಣಿಸುತ್ತೆ. ಅದಕ್ಕೆ ಇದೇ ಕಾರಣ ಅಂತ ಈಗಲೇ ಹೇಳಲ್ಲ, ನೋಡೋಣ. ಹತ್ತಿ ಧೂಳಿನಿಂದ ದೂರ ಇಡಿ, ಬೈಯಬೇಡಿ. ಟೀಚರಿಗೆ ನಾನು ಹೇಳ್ತೀನಿ."

ಅಲ್ಲಿಂದಲೇ ಫೋನು ಹೋಯಿತು. ರಾಣಿ ಕಣ್ಣು ಮಿಟುಕಿಸಿದರೆ ರಾಜ್ಯವೇನೂ ಮುಳುಗುವುದಿಲ್ಲ, ಪಾತ್ರ ಪುಟ್ಟಿಯದೇ ಎಂದರು ಟೀಚರ್. ದಿಂಬು ಮಾತ್ರ ಬೇಡವಂತೆ.

ಡಾಕ್ಟರಮ್ಮ ಈಗ ಯಜಮಾನರತ್ತ ತಿರುಗಿದರು. "ನಿಮಗೆ ಎಷ್ಟು ವರ್ಷದಿಂದ ಹೀಗೆ?"

"ನನಗೇನಾಗಿದೆ?" ಎಂದ ಯಜಮಾನರ ಮೂಗು ಸೊಟ್ಟಗಾಯಿತು, ಎಡಗಣ್ಣು ಟಪ್ಪನೆ ಮುಚ್ಚಿ ತೆರೆಯಿತು.

ಹೆಂಡತಿ ದಾರಿಯುದ್ದಕ್ಕೂ ಗಂಡನ ಎಡಗಣ್ಣನ್ನೇ ನೋಡುತ್ತಾ ಬಂದಳು. ಮನೆ ಬಾಗಿಲಲ್ಲಿ ನಿಂತು ಕೇಳಿದಳು: "ಅವತ್ತು ನಮ್ಮ ತವರಿಗೆ ಹಾಸಿಗೆ ಹೊಲಿಯೋಕೆ ಬಂದಾಗ ನನ್ನ ನೋಡಿ ಕಣ್ಣು ಹೊಡೆದ್ರಲ್ಲ, ಅದನ್ನೇ ನಂಬ್ಕೊಂಡು ಮನೇಲಿ ಹಟ ಹಿಡಿದು ನಿಮ್ಮನ್ನ ಮದ್ವೆಯಾದೆ. ಅದೂನೂ..."

"ನಿಮ್ಮನೆ ಹತ್ತಿ ತುಂಬಾ ಹಳೇದಿತ್ತು ಕಣೇ" ಎಂದರು ಯಜಮಾನರು, ಮೂಗು ಒರೆಸಿಕೊಳ್ಳುತ್ತಾ.